ಎರಡೇ ಸಂದಿನಲ್ಲಿ ಒಡೆದ ಉಂಗುರಗಳು

"ಟೀಚರ್, ಹತ್ತಕ್ಕೆ ಹತ್ತೂ ಒಡೆದುಹೋದ್ವು!"

ಕೆಳಗಿನ ಪೆನ್ನಿನ ಕಾರ್ಖಾನೆಯ ಹುಡುಗಿ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಎಡ ಹುಬ್ಬಿನ ಮೇಲೆ ಹಸಿ ಗೀರು, ಅಂಗೈ ತುಂಬ ಮರದ ಚೂರು. ನಾನು ಆಗಷ್ಟೇ ತಟ್ಟೆಯ ಮುಂದೆ ಕೂತಿದ್ದೆ. ಅಕ್ಕ ಕನ್ನಡಕ ಏರಿಸಿದ್ದು ಕಂಡೊಡನೆ ನನ್ನ ಊಟದ ಆಸೆ ಬಿಟ್ಟೆ.

ಅಕ್ಕ ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು. ಈ ಕಟ್ಟಡದಲ್ಲಿ ಯಾರದೇನು ಕಳೆದರೂ ಕೆಟ್ಟರೂ ಈಗ ಅವಳೇ ಪೊಲೀಸು, ಅವಳೇ ಜಡ್ಜು. ಚೀಲ ಹೊರುವವನು ತಮ್ಮನಾದ ನಾನು. ಏನು ಕಂಡೆ ಎಂದು ಕೇಳಿದರೆ "ತಾಳೋ ಸ್ವಲ್ಪ" ಎನ್ನುತ್ತಾಳೆ. ತಾಳಿ ತಾಳಿಯೇ ನನ್ನ ತಲೆ ಬೆಳ್ಳಗಾಗಿದೆ.

ಮೆಟ್ಟಿಲಿಳಿಯುತ್ತ ಹುಡುಗಿ ಬಿಕ್ಕಿದಳು. "ಪೆನ್ನಿನ ನಡುವೆ ಕಪ್ಪು ಬಿಳಿ ಮರದ ಉಂಗುರ ಬರುತ್ತಲ್ಲ ಟೀಚರ್, ಅದು. ಹತ್ತು ಉಂಗುರ ಸರಿ ಬಂದ್ರೆ ಲೇತ್ ನಿಂದು, ಇಲ್ಲಾಂದ್ರೆ ನಿಮ್ಮಣ್ಣಂದು, ನೀನು ಡಬ್ಬಿಗೆ ಪೆನ್ ತುಂಬ್ಕೊಂಡಿರು ಅಂದಿದ್ರು ಅಪ್ಪ. ಹೋದ ತಿಂಗಳು ಕಣ್ಣಿಗೆ ಚಕ್ಕೆ ಹಾರಿ ವಾರ ಪಟ್ಟಿ ಕಟ್ಕೊಂಡಿದ್ದೆ. ಆಗಲೂ ನಾನು ಅತ್ತಿರ್ಲಿಲ್ಲ."

ಕಾರ್ಖಾನೆ ಎಂದರೆ ಮನೆಯ ಮುಂದಿನ ಕೋಣೆ. ಕಿಟಕಿಯ ಬಳಿ ಮರ ತಿರುಗಿಸಿ ಕಡೆಯುವ ಲೇತ್, ಅದರ ಮೇಲೆ ಕಂದು ಪಾಲಿಶ್ ಮೇಣದ ಉಂಡೆ, ಅದರ ಪಕ್ಕದ ಮೊಳೆಯಲ್ಲಿ ಧೂಳು ಹಿಡಿದ ಪ್ಲಾಸ್ಟಿಕ್ ಮುಖಗವಸು. ಯಜಮಾನರಾದ ಹುಡುಗಿಯ ಅಪ್ಪ ಸಿಡುಕಿದರು. "ಕೋನ ತಪ್ಪಿ ಕೊಯ್ದಿದ್ದಾಳೆ, ಅಷ್ಟೇ. ಇದರಲ್ಲಿ ಪತ್ತೆ ಮಾಡೋಕೆ ಏನಿದೆ ಟೀಚರ್?"

ಮೂಲೆಯಲ್ಲಿದ್ದ ಮಗ ಯಾರೂ ಕೇಳದೆಯೇ, "ನಾನು ಅಂಟಿನ ಬಾಟಲಿ ಮುಟ್ಟೇ ಇಲ್ಲಪ್ಪ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಅಕ್ಕನಿಗೆ ಕಣ್ಸನ್ನೆ ಮಾಡಿದೆ. ಅವಳು ನನ್ನತ್ತ ನೋಡಲೂ ಇಲ್ಲ. ಚೂರುಗಳನ್ನು ಒಂದೊಂದಾಗಿ ಹಿಡಿದು ಬಲವಾಗಿ ತಿರುಚುತ್ತಿದ್ದಳು.

"ಇದನ್ನ ಹೇಗೆ ಮಾಡ್ತೀಯಮ್ಮ?"

"ಕೋನ ನೋಡಿ ಕೊಯ್ದ ಹನ್ನೆರಡು ಚೂರನ್ನ ಒಟ್ಟಿಗೆ ಅಂಟಿಸಲ್ಲ ಟೀಚರ್. ಆರಾರು ಸೇರಿಸಿ ಎರಡು ಅರ್ಧ ಮಾಡಿ ಒಣಗೋಕೆ ಇಡ್ತೀನಿ. ಮಾರನೇ ದಿನ ಆ ಅರ್ಧಗಳ ಮುಖಾನ ಈ ಗಾಜಿಗೆ ಅಂಟಿಸಿರೋ ಸ್ಯಾಂಡ್‌ಪೇಪರ್ ಮೇಲೆ ಉಜ್ಜಿ ಚಪ್ಪಟೆ ಮಾಡಿ, ಒಂದಕ್ಕೊಂದು ಕೂಡಿಸ್ತೀನಿ. ನಿನ್ನೆ ಪೇಪರ್ ಯಾಕೋ ಜಾರ್ತಿತ್ತು. ಸವೆದಿದೆ ಅಂದ್ಕೊಂಡೆ. ಇವತ್ತು ಲೇತಿಗೆ ಹಾಕಿ ನಡುವೆ ತೂತು ಕೊರೆಯೋಕೆ ಹೋದ್ರೆ ಒಂದೊಂದೂ ಪಟ್ ಅಂತ ಹಾರ್ತು."

ಅಕ್ಕ ಒಂದು ಲೋಟ ನೀರು, ಒಂದು ಚಮಚ ಬೇಕೆಂದು ಹಿಂದಿನ ಅಡುಗೆಮನೆಗೆ ನಡೆದಳು. ಹುಡುಗಿಯ ತಾಯಿ ಮೇಜಿನ ಡ್ರಾಯರ್ ಎಳೆದರು. ಬೆರಳು ತಾಗಿದ್ದೇ ತಡ, ಸರಕ್ಕನೆ ಬಂತು. ಒಳಗೆ ಚಮಚ, ದಾರದುಂಡೆ, ಪಕ್ಕ ಸವೆದ ಒಂದು ಬಿಳಿ ಮೇಣದಬತ್ತಿ. ಅದರ ಬತ್ತಿ ಇನ್ನೂ ಬೆಳ್ಳಗಿತ್ತು.

"ನಮ್ಮನೇದು ಎಳೆದ್ರೆ ಮೇಜೇ ಜೊತೆಗೆ ಬರುತ್ತಲ್ಲಮ್ಮ!" ಎಂದಳು ಅಕ್ಕ.

"ಮೇಣ ಉಜ್ಜಿ ಟೀಚರ್. ಮೇಣ ಇದ್ದ ಕಡೆ ಏನೂ ಹಿಡ್ಕೊಳ್ಳಲ್ಲ."

ನನಗೆ ಮೈಯೆಲ್ಲ ಉರಿಯಿತು. ಹೊಟ್ಟೆ ತಾಳ ಹಾಕುತ್ತಿದೆ, ಅತ್ತ ಹುಡುಗಿಯ ಬದುಕು ಕೈ ಜಾರುತ್ತಿದೆ, ಇವಳಿಗೆ ಡ್ರಾಯರಿನ ಚಿಂತೆ!

ಅಕ್ಕ ಎಲ್ಲರನ್ನೂ ಲೇತಿನ ಸುತ್ತ ನಿಲ್ಲಿಸಿದಳು. ಅರ್ಧ ಉಂಗುರದ ಹೊರಮೈ ಮೇಲೆ ಚಮಚದಿಂದ ಒಂದು ಹನಿ ನೀರು ಬಿಟ್ಟಳು. ಅದು ಹರಡಿ ಇಂಗಿತು. ಒಡೆದ ಮುಖದ ಮೇಲೆ ಇನ್ನೊಂದು ಹನಿ ಬಿಟ್ಟಳು. ಅದು ದುಂಡಗೆ ನಿಂತೇಬಿಟ್ಟಿತು.

"ಕೋನ ತಪ್ಪಿದ್ರೆ, ಅಂಟು ಕೆಟ್ಟಿದ್ರೆ, ಯಾವ ಸಂದು ಬೇಕಾದ್ರೂ ಬಿಟ್ಕೊಳ್ಳಬೋದಿತ್ತು. ಹತ್ತೂ ಉಂಗುರ ಅದೇ ಎರಡು ಸಂದಲ್ಲಿ ಒಡೆದಿದೆ, ಅರ್ಧಕ್ಕೆ ಅರ್ಧ ಕೂಡಿಸಿದ ಜಾಗದಲ್ಲಿ. ಮಿಕ್ಕ ಸಂದು ನಾನು ತಿರುಚಿದ್ರೂ ಜಗ್ಗಲಿಲ್ಲ. ಹುಡುಗಿ ಕೈ ಸರಿಯಾಗಿದೆ. ನೀರು ಇಂಗ್ದೆ ನಿಂತಿದೆ ಅಂದ್ರೆ ಕೂಡಿಸೋ ಮುಖಕ್ಕೆ ಮೇಣ ಹತ್ತಿದೆ. ಅದು ಬಂದಿದ್ದು ಆ ಜಾರೋ ಪೇಪರಿಂದ."

"ನಾನು ಆಗಲೇ ಅಂದ್ಕೊಂಡೆ, ಇವನೇ!" ಎಂದು ಮಗನತ್ತ ಕೈ ತೋರಿಸಿದೆ.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋನು ನೀನು. ಅವನು ಹೆದರಿ ಬಾಯಿ ಬಿಟ್ಟ, ಅಷ್ಟೇ. ಅವನ ಕೈಗೆ ಸಿಗೋ ಲೇತ್ ಹತ್ರದ ಪಾಲಿಶ್ ಮೇಣ ಕಂದು. ಅದನ್ನ ಉಜ್ಜಿದ್ರೆ ಬಿಳಿ ಮರ ಕಂದಾಗ್ತಿತ್ತು. ಈ ಮುಖ ನೋಡು, ಬೆಳ್ಳಗೇ ಇದೆ. ಹಚ್ಚದೇ ಸವೆದ ಬಿಳಿ ಮೇಣದಬತ್ತಿ ಈ ಮನೇಲಿ ಒಂದೇ ಕಡೆ ಇದೆ." ಅಕ್ಕ ತಾಯಿಯತ್ತ ತಿರುಗಿದಳು. "ಏನೂ ಹಿಡ್ಕೊಳ್ಳಲ್ಲ ಅಂತ ನೀನೇ ಹೇಳ್ದೆಯಲ್ಲಮ್ಮ."

ತಾಯಿ ಸೆರಗನ್ನು ಬಾಯಿಗೊತ್ತಿಕೊಂಡರು. "ನಂಗೆ ಅವಳ ಕಣ್ಣು ಉಳಿದ್ರೆ ಸಾಕಿತ್ತು ಟೀಚರ್. ಪೇಪರಿಗೆ ಮೇಣ ಉಜ್ಜಿದ್ರೆ ಉಂಗುರ ಅಂಟಲ್ಲ, ಲೇತ್ ಅವಳಿಗೆ ಸಿಗಲ್ಲ, ಅಷ್ಟೇ ಅಂದ್ಕೊಂಡೆ."

"ಅರೆಬರೆ ಅಂಟ್ತು. ಭರ್ರನೆ ಸುತ್ತೋವಾಗ ಬಿಟ್ಕೊಳ್ತು. ಆ ಗೀರು ನೋಡು. ಕಣ್ಣಿಂದ ಒಂದು ಬೆರಳು ಮೇಲೆ."

ತಾಯಿ ನೋಡಿದರು. ಒಡೆದ ಉಂಗುರದ ಒಂದು ಅರ್ಧವನ್ನು ಕೈಗೆತ್ತಿಕೊಂಡು ಅಲ್ಲೇ ಕೂತರು.

"ಹತ್ತು ಸಲ ಒಡೀತಮ್ಮ," ಎಂದಳು ಹುಡುಗಿ. "ನನ್ನ ಕೈ ಮೇಲೇ ನಂಗೆ ನಂಬಿಕೆ ಹೋಗಿತ್ತು. ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು?"

"ನೂರು ಸಲ ಹೇಳ್ದೆ, ಮುಖಕ್ಕೆ ಆ ಗವಸು ಹಾಕ್ಕೋ ಅಂತ. ಸೆಕೆ ಅಂತ ಮೊಳೆಗೆ ನೇತಾಕ್ದೆ."

ಯಜಮಾನರು ಗಾಜಿನ ಮೇಲಿನ ಪೇಪರನ್ನು ಪರಪರ ಕಿತ್ತು, ಹೊಸದೊಂದನ್ನು ಅಂಟಿಸಿದರು. "ಇನ್ನೊಂದು ಹತ್ತು ಮಾಡು" ಎಂದರು.

ಮೂರು ದಿನ ಬಿಟ್ಟು ಅಕ್ಕನ ಚೀಲ ಹೊತ್ತು ಮತ್ತೆ ಇಳಿದೆ. ಹುಡುಗಿ ಲೇತಿನ ಮುಂದೆ ನಿಂತಿದ್ದಳು. ತಾಯಿ ಮೊಳೆಯಿಂದ ಮುಖಗವಸು ತೆಗೆದು, ಸೆರಗಿನಿಂದ ಧೂಳು ಒರೆಸಿ, ಮಗಳ ತಲೆಗೆ ತಾವೇ ಹಾಕಿ ಪಟ್ಟಿ ಬಿಗಿದರು.

"ಉಸಿರು ಕಟ್ಟುತ್ತಮ್ಮ."

"ಕಟ್ಲಿ."

ಒಂಬತ್ತು ಉಂಗುರ ಮುಗಿಯುವವರೆಗೂ ತಾಯಿ ಅಲ್ಲಿಂದ ಕದಲಲಿಲ್ಲ. ಕೊನೆಯದನ್ನು ಲೇತಿಗೆ ಹಾಕಿದಾಗ ಮಗಳ ಕೈ ಸ್ವಿಚ್ಚಿನ ಮೇಲೆ ತಡೆಯಿತು. ತಾಯಿ ಅಂದು ಒಡೆದ ಉಂಗುರದ ಆ ಅರ್ಧವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದರು.

"ನಿಂದೇನೂ ತಪ್ಪಿಲ್ಲ ಕಣೇ," ಎಂದರು. "ತಿರುಗಿಸು."