ಸ್ಪೇನಿನ ಕೆಂಪು, ಬ್ಯಾಡಗಿಯ ಕೆಂಪು

"ಕುಡಿಯಲೇ ಹೊಳಿಯಪ್ಪಾ."

ನನ್ನ ಕುತ್ತಿಗಿಗೆ ಚಾಕು. ಮುಂದ ಬಿರಡಿ ತೆಗೆದ ಎರಡು ಬಾಟ್ಲಿ. ಸುತ್ತ ಮೆಣಸಿನಕಾಯಿ ಚೀಲ. ಸೀನು ಬಂದ್ರೂ ಸೀನೂಹಂಗಿಲ್ಲ...

ಬ್ಯಾಡಗಿಯ ತಿರಕಪ್ಪ ಸಾವ್ಕಾರನ ಗೋಡೌನ್ ಅದು. ಕಳುವಾದ ಮಾಲು ತಂದು ಕೊಡೂದು ನನ್ನ ಕಸಬು, ಈ ಕೇಸ್ ಸಿಂಪಲ್ ಇತ್ತು. ರಾಣೇಬೆನ್ನೂರಿನ ಶೈಲಶ್ರೀ ಮೇಡಂ ಸ್ಪೇನಿಗೆ ಮೆಣಸಿನಕಾಯಿ ಕಳಸ್ತಾರ. ಅಲ್ಲಿಯ ಖರೀದಿ ಪಾರ್ಟಿ ಹೋದ ವರ್ಷ ಒಂದು ರೆಡ್ ವೈನ್ ಕೊಟ್ಟು, "ಮುಂದಿನ ಸಲ ಕೂಡಿ ಕುಡಿಯೋಣ" ಅಂದಿದ್ದ. ಇವತ್ತು ಮಧ್ಯಾಹ್ನ ಬರಾಂವ. ಬಾಟ್ಲಿ ಇಲ್ಲಂದ್ರ ಮೇಡಂ ಮರ್ಯಾದಿ ಹೋತು, ಆರ್ಡರೂ ಹೋತು. ಆ ಆರ್ಡರ್ ಮ್ಯಾಲ ಕಣ್ಣಿಟ್ಟ ತಿರಕಪ್ಪ ಬಾಟ್ಲಿ ಕದಿಸಿದ್ದ.

ನಾನು ಅಂಥಾದ್ದ ಖಾಲಿ ಬಾಟ್ಲಿಗೆ ದ್ರಾಕ್ಷಿ ರಸ, ಮೆಣಸಿನಕಾಯಿ ಬಣ್ಣ ತುಂಬಿ ಬದ್ಲಿ ಮಾಡಾಕ ಹೋಗಿದ್ದೆ. ಎರಡೂ ಕೈಯಾಗ ಎರಡೂ ಬಾಟ್ಲಿ ಇದ್ದಾಗ ಸಿಕ್ಕಬಿದ್ದೆ. ನಸೀಬಾ!

"ಯಾವುದು ಖರೇದು? ರುಚಿ ನೋಡಿ ಹೇಳು. ಸುಳ್ಳು ಹೇಳಿದ್ರ ನಾಲಿಗಿ ಇರಂಗಿಲ್ಲ."

ತಿರಕಪ್ಪ ಕಳವು ಮಾಡಸ್ತಾನ, ಸೆರೆ ಮಾತ್ರ ಮುಟ್ಟಂಗಿಲ್ಲ. ಶೀಲವಂತ!

ಮೊದಲು ನಂದು ಕುಡಿದೆ. ಥೂ!

ಆಮ್ಯಾಲ ಸ್ಪೇನಿಂದು... ಅಬಾಬಾ! ಮೊದಲು ಒಗರು. ಹಿಂದ ಕರಿ ದ್ರಾಕ್ಷಿ, ಸುಟ್ಟ ಕಟ್ಟಿಗಿ ವಾಸನಿ. ಮೂರು ಜಾತಿ ದ್ರಾಕ್ಷಿ ಕೂಡಿಸಿ ಮಾಡ್ಯಾರಂತ. ನಾಲಿಗಿ ಮ್ಯಾಲ ಪೈಲ್ವಾನ ಬಂದು ಕುಂತಂಗಾತು, ಏಳವಲ್ಲ. ಇದಕ್ಕ ಸುಳ್ಳು ಹೇಳಾಕ ಮನಸ್ಸ ಬರ್ಲಿಲ್ಲ.

"ಇದ ಖರೇದು."

"ನೀ ಯಾವಾಗ ಖರೇ ಮಾತಾಡೀದಿ?" ತಿರಕಪ್ಪ ನಕ್ಕ. "ನಾನ ನೋಡ್ತೇನಿ."

ಬ್ಯಾಡಗಿ ಮಂದಿ ಮೆಣಸಿನಕಾಯಿ ಅಂಗೈಯಾಗ ತಿಕ್ಕಿ ನೋಡ್ತಾರ. ಬಣ್ಣ ಹತ್ತಿದ್ರ ಮಾಲು, ಇಲ್ಲಂದ್ರ ಕಸ. ತಿರಕಪ್ಪ ಎರಡೂ ಅಂಗೈಗೆ ಒಂದೊಂದು ಹನಿ ಹಾಕಿ ತಿಕ್ಕಿದ. ಸ್ಪೇನಿಂದು ಮಬ್ಬು ನೇರಳೆ. ನಂದು ಕುಂಕುಮದಂಥ ಕೆಂಪು!

"ಕಣ್ಣಾಗ ಮಣ್ಣು ಹಾಕ್ತೀ ಏನಲೇ?" ಸ್ಪೇನಿನ ಬಾಟ್ಲಿ ನನ್ನ ಎದಿಗೆ ಒತ್ತಿದ. "ನಿನ್ನ ಗಬ್ಬು ನೀ ಒಯ್ಯಿ. ಆ ಪಾರ್ಟಿಗೆ ಇದನ್ನ ಕುಡಿಸ್ರಿ. ಮೇಡಂ ಮರ್ಯಾದಿ ಇನ್ನೂ ಚಲೋ ಹೋಗ್ತೈತಿ."

ಬೈಕ್ ಹತ್ತಿದೆ. ಮೋಟೆಬೆನ್ನೂರು ದಾಟೂದ್ರಾಗ ಹಿಂದ ಜೀಪು! ಅವನ ಆಳೊಬ್ಬ ನನ್ನ ಮಾಲು ಕದ್ದು ಕುಡಿದಿರಬೇಕು...

ಹೈವೇ ಫೋರ್-ಲೇನ್ ಕೆಲಸ ನಡದಿತ್ತು. ಡಾಂಬರ್ ಡ್ರಮ್ಮಿನ ಸಂದ್ಯಾಗ ಬೈಕ್ ನುಗ್ಗಿಸಿದೆ. ಒಂದು ಕೈ ಹ್ಯಾಂಡಲ್, ಒಂದು ಕೈ ಬಾಟ್ಲಿ ಬಾಯಿ ಮ್ಯಾಲ. ಹಿಂದ ಜೀಪು ಜಲ್ಲಿಯೊಳಗ ಹೂತು ನಿಂತಿತು.

ಮಧ್ಯಾಹ್ನ ರಾಣೇಬೆನ್ನೂರಾಗ ಪಾರ್ಟಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. "ಮೊದಲ ಬಿರಡಿ ತೆಗೆದು ಗಾಳಿ ಆಡಿಸೀರಿ. ತಿಳಿದಾವ್ರು!"

ಮೇಡಂ ನನ್ನ ಕಡೆ ನೋಡಿದ್ರು. "ಹೆಂಗ ಬಿಟ್ಟ ಅಂವ ನಿನ್ನ?"

"ಖರೇ ಹೇಳಿದ್ನಿರಿ, ಮೇಡಂ. ಅಂವ ನಂಬಲಿಲ್ಲ."