ಖಾಲಿಯಿರದ ಫೋಲ್ಡರ್

"ನಾನು ಅಳಿಸಿಲ್ಲ ಮೇಡಂ. ಯಾರೂ ನಂಬ್ತಾನೇ ಇಲ್ಲ," ಎಂದು ರೆಕಾರ್ಡಿಂಗ್ ಹುಡುಗಿ ನಮ್ಮ ಅತ್ತಿಗೆಯ ಮುಂದೆ ಅತ್ತೇಬಿಟ್ಟಳು.

ಅತ್ತಿಗೆ ಕಂಪ್ಯೂಟರ್ ಪಾಠ ಹೇಳುವವರು. ಪತ್ತೇದಾರಿಕೆ ಅವರಿಗೆ ಅಂಟಿದ ಚಟ. ಅವರ ಚೀಲ ಹೊರುವುದೂ, ಸಿಕ್ಕಸಿಕ್ಕವರನ್ನೆಲ್ಲ ಅನುಮಾನಿಸುವುದೂ ನನ್ನ ಪಾಲಿನ ಕೆಲಸ.

ಒಬ್ಬ ಹಿರಿಯ ನಟರು ಐದು ದಿನ ಕೂತು ತಮ್ಮ ಆತ್ಮಕತೆಯನ್ನು ಸ್ಟುಡಿಯೋದಲ್ಲಿ ಓದಿದ್ದರು. ಮರುದಿನವೇ ಆಸ್ಪತ್ರೆ ಸೇರಿದರು; ಶಸ್ತ್ರಚಿಕಿತ್ಸೆಯಲ್ಲಿ ಅವರ ಧ್ವನಿಪೆಟ್ಟಿಗೆ ತೆಗೆದರು. ಎರಡು ವಾರ ಬಿಟ್ಟು ಎಡಿಟಿಂಗಿಗೆ ಕೂತರೆ ಆ ದನಿ ಎಲ್ಲೂ ಇಲ್ಲ. ಸಂಜೆಯೊಳಗೆ ಸಿಗದಿದ್ದರೆ ಹುಡುಗಿಯ ಕೆಲಸ ಹೋಗುತ್ತಿತ್ತು.

ನಾವು ಸ್ಟುಡಿಯೋಗೆ ಹೋದಾಗ ಮ್ಯಾನೇಜರ್ ಬಾಗಿಲಲ್ಲೇ ಸಿಕ್ಕರು. "ಕಂಪ್ಯೂಟರ್ ವಿಷಯ ನನ್ನ ಕೇಳ್ಬೇಡಿ, ಅದರಲ್ಲಿ ನಾನು ಹೆಬ್ಬೆಟ್ಟು. ಆದ್ರೆ ಈ ಹುಡುಗೀನ ಮುಂದಿನ ತಿಂಗಳು ಮುಖ್ಯಸ್ಥೆ ಮಾಡ್ತಾರಂತೆ, ನೋಡಿ!"

ಸ್ಟುಡಿಯೋದ ಯಂತ್ರಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಮುಖ ಕೊಟ್ಟು ಮಾತಾಡಲಿಲ್ಲ. ಅವನೇ ಇರಬೇಕು ಎಂದು ನನಗೆ ಗಟ್ಟಿಯಾಯಿತು.

"ಓದು ನಡೆದ ವಾರ, ಕಡತಗಳನ್ನೆಲ್ಲ ಇಡೋ ಸರ್ವರ್ ರಿಪೇರೀಲಿತ್ತು," ಎಂದ ಅವನು. "ಸೋಮವಾರ ಮಧ್ಯಾಹ್ನ ಸರಿಹೋಯ್ತು. ಒಂದೇ ವಿಚಿತ್ರ. ಈ ಯಂತ್ರದ ಡಿಸ್ಕ್ ತುಂಬಿದೆ ಅಂತ ತೋರಿಸತ್ತೆ, ಯಾವ ಫೋಲ್ಡರ್ ತೆಗೆದ್ರೂ ಅಷ್ಟು ಸರಕು ಕಾಣಲ್ಲ."

ಅತ್ತಿಗೆಯ ಹುಬ್ಬು ಏರಿತು. ಅರ್ಧ ಗಂಟೆ ಪರದೆಯ ಮುಂದೆ ಕೂತರು. ಆಮೇಲೆ ಎಲ್ಲರನ್ನೂ ಕರೆಸಿದರು: ಸ್ಟುಡಿಯೋದ ಯಜಮಾನಿ, ಮ್ಯಾನೇಜರ್, ಮೆಕ್ಯಾನಿಕ್, ಹುಡುಗಿ. ಕೊರಳಿಗೆ ಬಟ್ಟೆ ಸುತ್ತಿಕೊಂಡು ನಟರೂ ಬಂದರು, ಕೈಯಲ್ಲೊಂದು ಸ್ಲೇಟು.

"ಕಳ್ಳ ಸರಕು ಒಯ್ದಿದ್ರೆ ಡಿಸ್ಕಲ್ಲಿ ಜಾಗ ಖಾಲಿಯಾಗ್ಬೇಕಿತ್ತು. ಆಗಿಲ್ಲ. ಅಂದ್ರೆ ಸರಕು ಇಲ್ಲೇ ಇದೆ," ಎಂದು ಅತ್ತಿಗೆ ಶುರುಮಾಡಿದರು. "ಸರ್ವರನ್ನ ಈ ಯಂತ್ರದ ಒಂದು ಫೋಲ್ಡರಿಗೆ ಜೋಡಿಸ್ತಾರೆ, ಅದಕ್ಕೆ ಮೌಂಟ್ ಮಾಡೋದು ಅಂತಾರೆ. ಜೋಡಿಸಿದ್ಮೇಲೆ ಆ ಫೋಲ್ಡರಲ್ಲಿ ಸರ್ವರಿನ ಕಡತಗಳಷ್ಟೇ ಕಾಣೋದು. ಸರ್ವರ್ ಇಲ್ಲದ ಆ ವಾರ ಈಕೆ ಅಭ್ಯಾಸಬಲದಿಂದ ಅದೇ ಫೋಲ್ಡರಲ್ಲಿ ಉಳಿಸಿದಾಳೆ. ಅದರ ಮೇಲೆ ಮೌಂಟ್ ಮಾಡಿದ್ರೆ ಅಡಿಯಲ್ಲಿರೋದು ಮುಚ್ಚಿಹೋಗತ್ತೆ."

"ಪಾಪ, ಯಾರೋ ತಿಳೀದೆ ಮಾಡಿರ್ಬೇಕು," ಎಂದರು ಮ್ಯಾನೇಜರ್.

"ತಿಳೀದೆ ಅಲ್ಲ. ಕೊಟ್ಟ ಕಮಾಂಡುಗಳ ದಾಖಲೆ ಯಂತ್ರದಲ್ಲೇ ಇದೆ. ಸೋಮವಾರ ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಮೌಂಟ್ ಮಾಡೋ ಮೊದಲ ಕಮಾಂಡ್. ಅದನ್ನ ಈಗ ನಾನೂ ಖಾಲಿಯಿರದ ಒಂದು ಫೋಲ್ಡರಿನ ಮೇಲೆ ಹಾಕಿ ನೋಡಿದೆ. ಯಂತ್ರ ಒಪ್ಪಲಿಲ್ಲ. 'ಫೋಲ್ಡರ್ ಖಾಲಿಯಿಲ್ಲ, ಅಪಾಯವಿಲ್ಲ ಅಂತ ಖಾತ್ರಿಯಿದ್ರೆ ಇಂಥ ಪದ ಸೇರಿಸು' ಅಂತು. ಅವತ್ತು ಎಚ್ಚರಿಕೆ ಓದಿದವರು ಫೋಲ್ಡರಿನೊಳಗಿನ ಪಟ್ಟಿ ತೆಗೆದು ನೋಡಿದಾರೆ. ಕಡತಗಳ ಮೇಲೆ ನಟರ ಹೆಸರೇ ಇತ್ತು. ನೋಡಿದ್ಮೇಲೂ ಆ ಪದ ಸೇರಿಸಿದಾರೆ."

ಅತ್ತಿಗೆ ಪರದೆಯಿಂದ ಎಲ್ಲರ ಕಡೆ ತಿರುಗಿದರು.

"ಆ ಹೊತ್ತಲ್ಲಿ ಹುಡುಗಿ ಈ ನಟರನ್ನ ಆಸ್ಪತ್ರೆಗೆ ಸೇರಿಸ್ತಿದ್ಲು. ಮೆಕ್ಯಾನಿಕ್ ಯಜಮಾನಿಯವರ ಕಣ್ಣೆದುರೇ ಏಣಿ ಹತ್ತಿ ದೀಪ ಸರಿಮಾಡ್ತಿದ್ದ. ಸರ್ವರಿಗೆ ಹೋಗೋಕೆ ಒಬ್ಬೊಬ್ಬರಿಗೂ ಒಂದೊಂದು ಖಾತೆ. ಯಾರ ಖಾತೆಯಿಂದ ಮೌಂಟ್ ಆಯ್ತು ಅನ್ನೋ ಪಟ್ಟಿಯಲ್ಲಿ ಇವತ್ತಿಗೂ ನಿಮ್ಮ ಖಾತೆ ಇದೆ, ಮ್ಯಾನೇಜರ್ರೇ."

"ನಾನು... ಅಳಿಸಲಿಲ್ವಲ್ಲ!" ಎಂದುಬಿಟ್ಟರು ಅವರು.

"ಹಾವೂ ಸಾಯಬಾರದು, ಕೋಲೂ ಮುರೀಬಾರದು. ಈಕೆ ಹೊರಗೆ ಹೋದ್ಮೇಲೆ ನೀವೇ ಹುಡುಕಿದ ಹಾಗೆ ಮಾಡಿ ಮುಖ್ಯಸ್ಥರ ಕುರ್ಚಿ ಏರೋದು, ಅಲ್ವಾ?"

ಯಜಮಾನಿ ಬಾಗಿಲು ತೋರಿಸಿದರು. ಮ್ಯಾನೇಜರ್ ಹೊರಟುಹೋದರು. ಮೆಕ್ಯಾನಿಕ್ಕನ ಕಡೆ ನೋಡಲು ನನಗೆ ನಾಚಿಕೆಯಾಯಿತು.

ಅತ್ತಿಗೆ ಮೌಂಟ್ ಬಿಡಿಸಿದರು. ಕಡತಗಳು ಸಾಲಾಗಿ ಕಾಣಿಸಿಕೊಂಡವು. ಹುಡುಗಿ ಒಂದನ್ನು ಒತ್ತಿದಳು. ತುಂಬು ಕಂಠ ಕೋಣೆಯೆಲ್ಲ ಹರಡಿತು. ನಟರು ಕಣ್ಣು ಮುಚ್ಚಿ ಕೇಳಿದರು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿ ಸ್ಲೇಟಿನ ಮೇಲೆ ಸರಸರನೆ ಬರೆದು ಹುಡುಗಿಗೆ ತೋರಿಸಿದರು: "ಇಲ್ಲಿ ಉಸಿರು ತಪ್ಪಿದೆ. ಇನ್ನೊಂದ್ಸಲ ಓದ್ತೀನಿ."

ಬರೆದದ್ದನ್ನು ತಾವೇ ಒಮ್ಮೆ ನೋಡಿಕೊಂಡು, ಅಂಗೈಯಿಂದ ಮೆಲ್ಲಗೆ ಒರೆಸಿಬಿಟ್ಟರು.