ಪುಕ್ಕಟೆ ಬಸ್ಸು ಬಿಟ್ಟವಳು

ಬಸ್ಸಿನಲ್ಲೇ ಕುಳಿತು "ಬಸ್ ಪಾಸಿಗಿಂತ ರೈಲ್ ಪಾಸೇ ಲಾಭ" ಎಂದು ಭಾಷಣ ಮಾಡುವ ಗಂಡಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಒಂದೂವರೆ ವರ್ಷ, ದಿನಾ ಬೆಳಗ್ಗೆ, ಹೊನ್ನಾವರದಿಂದ ಕುಮಟಾದವರೆಗೆ.

ಹೆಸರು ಗುರುದತ್ತ ನಾಯ್ಕ. ಕುಮಟಾದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ. ನಾನು ಮಾಲತಿ, ತೆಂಗಿನಗುಂಡಿಯವಳು. ಭಟ್ಕಳದಲ್ಲಿ ಬಸ್ಸು ಹತ್ತಿ ಕುಮಟಾಕ್ಕೆ ಹೋಗಿ ಅಲ್ಲಿನ ಲ್ಯಾಬಿನಲ್ಲಿ ಜನರ ರಕ್ತ ತೆಗೆಯುತ್ತೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಾಳೆ. ಸುಳ್ಳಲ್ಲ.

ಮೊದಲ ದಿನ ಗುರುದತ್ತ ನನ್ನ ಹಿಂದಿನ ಸೀಟಿನ ಶ್ರೀನಾಥ ಮಾಸ್ತರರಿಗೆ ಪಾಠ ಮಾಡುತ್ತಿದ್ದರು. ಕೈಯಲ್ಲೊಂದು ಪುಟ್ಟ ನೋಟ್‌ಬುಕ್ಕು. "ಸ್ಟೇಷನ್ನಿಗೆ ಆಟೋ ಹಿಡಿದ್ರೂ ರೈಲೇ ಸೋವಿ ಸರ್. ನಾ ಬರೆದಿಟ್ಟಿದ್ದೆ, ನೋಡಿ." ಮುಂದಿನ ತಿಂಗಳು ಮಾಸ್ತರರು ಬಸ್ಸಿನಲ್ಲಿ ಕಾಣಲಿಲ್ಲ. ಅದರ ಮುಂದಿನ ತಿಂಗಳು ಬ್ಯಾಂಕಿನವರಿಬ್ಬರು ಮಾಯ.

ಕಂಡಕ್ಟರ್ ಬೀರಪ್ಪನಿಗೆ ಹೊಟ್ಟೆ ಉರಿದುಹೋಯಿತು. "ಎಂತ ಮಾರಾಯ್ರೆ, ನನ್ನ ಬಸ್ಸು ಖಾಲಿ ಮಾಡೂಕೇ ದಿನಾ ಹತ್ತೂದಾ ನೀವು?"

ನನಗೂ ತಡೆಯಲಾಗಲಿಲ್ಲ. ತಿರುಗಿ ಕೇಳಿಯೇ ಬಿಟ್ಟೆ. "ಅಷ್ಟೆಲ್ಲ ಲಾಭ ಇದ್ರೆ ನೀವೆಂತಕೆ ಬಸ್ಸಲ್ಲಿ ಇದ್ರಿ?"

ಅವರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ನನ್ನನ್ನು ನೋಡಿದರು. ಮತ್ತೆ ತೆಗೆದು ಒರೆಸಿದರು.

"ನಂದು ಲೆಕ್ಕ ಇನ್ನೂ ಮುಗೀಲಿಲ್ಲ" ಎಂದರು.

ಆ ಲೆಕ್ಕ ಒಂದೂವರೆ ವರ್ಷವಾದರೂ ಮುಗಿಯಲಿಲ್ಲ. ಪ್ರತಿ ತಿಂಗಳ ಕೊನೆಗೆ "ಈ ಸಲ ರೈಲೇ" ಎನ್ನುವುದು, ಒಂದನೇ ತಾರೀಕು ಹೊಸ ಬಸ್ ಪಾಸು ಜೇಬಿನಲ್ಲಿಟ್ಟುಕೊಂಡು ಹೊನ್ನಾವರದಲ್ಲಿ ಹತ್ತುವುದು. ಅಷ್ಟು ಹೊತ್ತಿಗೆ ನನ್ನ ಪಕ್ಕದ ಸೀಟು ಅವರದ್ದಾಗಿಹೋಗಿತ್ತು. ಸಂಜೆ ನಮ್ಮ ಸಮಯ ಕೂಡುತ್ತಿರಲಿಲ್ಲ. ಇದ್ದದ್ದು ಆ ಬೆಳಗಿನ ಅರ್ಧ ಮುಕ್ಕಾಲು ಗಂಟೆಯೇ.

ಸೀಟು ಹಿಡಿಯುವ ಕೆಲಸ ನನ್ನ ಕೊಡೆಯದ್ದು. ಭಟ್ಕಳದಲ್ಲಿ ಹತ್ತಿದ ಕೂಡಲೇ ಅದನ್ನು ಪಕ್ಕದಲ್ಲಿ ಮಲಗಿಸಿಬಿಡುತ್ತಿದ್ದೆ. ಯಾರಾದರೂ ಕೇಳಿದರೆ "ಒದ್ದೆ ಅದೆ" ಎನ್ನುತ್ತಿದ್ದೆ. ಮಳೆಗಾಲದಲ್ಲಿ ಸರಿ, ಏಪ್ರಿಲ್‌ನಲ್ಲೂ ಅದೇ ಮಾತು.

"ನಿಂಗೆ ಪುಕ್ಕಟೆ, ಸರಿ. ಆ ಕೊಡೆಗೆ ಟಿಕೆಟ್ ಮಾಡ್ಸಿದ್ಯೇನೆ?" ಎಂದು ಬೀರಪ್ಪ ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದ. ಹೌದು, ನನಗೆ ಪಾಸಿನ ಗೊಡವೆಯೇ ಇರಲಿಲ್ಲ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆಧಾರ್ ಕಾರ್ಡ್ ತೋರಿಸಿದರೆ ಸೊನ್ನೆ ಟಿಕೆಟ್ ಕೈಗೆ ಬರುತ್ತದೆ.

ಆಗಸ್ಟ್ ಕೊನೆಯಲ್ಲಿ ಎಡವಟ್ಟಾಯಿತು. ಅವರು ಎಂದಿನಂತೆ ನೋಟ್‌ಬುಕ್ಕು ತೆಗೆಯಲಿಲ್ಲ. ಬ್ಯಾಗಿನ ಪಟ್ಟಿಯನ್ನು ತಿರುವುತ್ತ ಕುಳಿತಿದ್ದು, ಕರ್ಕಿ ದಾಟಿದ ಮೇಲೆ ಮೆಲ್ಲಗೆ ಕೇಳಿದರು.

"ಮಾಲತಿ, ಒಂದನೇ ತಾರೀಕಿಂದ ಎಂತ ಮಾಡ್ಲಿ? ಬಸ್ಸಾ, ರೈಲಾ? ಈ ಸಲ ನೀವೇ ಹೇಳಿ. ನೀವು ಹೇಳ್ದಂಗೆ ಮಾಡ್ತೆ."

ಕೇಳಿದ್ದು ಪಾಸಿನ ವಿಷಯವಲ್ಲ ಎಂದು ನನಗೆ ಗೊತ್ತಿತ್ತು. "ಬಸ್ಸು" ಎನ್ನಬೇಕಿತ್ತು, ಅಷ್ಟೇ. ಆದರೆ ಬೀರಪ್ಪ ನಮ್ಮ ತಲೆಯ ಮೇಲೆಯೇ ನಿಂತು ಹಲ್ಲು ಕಿರಿಯುತ್ತಿದ್ದ. ಮುಂದಿನ ಸೀಟಿನ ಇಬ್ಬರು ಹೆಂಗಸರು ಮಾತು ನಿಲ್ಲಿಸಿ ಕಿವಿ ಹಿಂದಕ್ಕೆ ಕೊಟ್ಟಿದ್ದರು.

"ನಂಗೆಂತ? ರೈಲಿಗೇ ಹೋಗಿ. ನನ್ನ ಕೊಡೆಯಾದ್ರೂ ಆರಾಮಾಗಿ ಕೂತ್ಕಳ್ತದೆ" ಎಂದೆ.

ಬಸ್ಸೆಲ್ಲ ನಕ್ಕಿತು. ಅವರೂ ನಕ್ಕರು, ಆದರೆ ಕಿವಿ ಕೆಂಪಾಗಿತ್ತು. "ಆತು" ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದನೇ ತಾರೀಕು ಹೊನ್ನಾವರ ಸ್ಟ್ಯಾಂಡಿನಲ್ಲಿ ಅವರಿರಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ದಪ್ಪ ಮನುಷ್ಯನೊಬ್ಬ ಬಂದು ಕೊಡೆ ಎತ್ತಿ ನನ್ನ ಮಡಿಲಿಗಿಟ್ಟು ಕುಳಿತುಬಿಟ್ಟ. ನನಗೆ ಬೈಯಲೂ ಮನಸ್ಸಾಗಲಿಲ್ಲ.

ಅವತ್ತು ಲ್ಯಾಬಿನಲ್ಲಿ ಅಜ್ಜಿಯೊಬ್ಬರಿಗೆ ಸೂಜಿ ಚುಚ್ಚಿ, ಅವರಿಗಿಂತ ಮೊದಲು ನಾನೇ ಅತ್ತೆ. "ನಂಗೆ ನೋವಾಗ್ಲಿಲ್ಲ ಮಗಾ" ಎಂದು ಆ ಅಜ್ಜಿಯೇ ನನ್ನ ಬೆನ್ನು ತಟ್ಟಿದರು. ನನಗೆ ಗುರುದತ್ತ ಬೇಕಾಗಿತ್ತು. ಆ ಭಾಷಣ, ಆ ಕನ್ನಡಕ, ಆ ಮುಗಿಯದ ಲೆಕ್ಕ ಎಲ್ಲವೂ ಬೇಕಾಗಿತ್ತು. ಫೋನ್ ಮಾಡೋಣವೆಂದರೆ ನಂಬರೂ ಇರಲಿಲ್ಲ. ದಿನಾ ಸಿಗುವವರ ನಂಬರು ಯಾರು ಕೇಳುತ್ತಾರೆ?

ಮರುದಿನ ಸಂಜೆ ಭಟ್ಕಳ ಸ್ಟೇಷನ್ನಿಗೆ ಹೋಗಿ ಕುಮಟಾಕ್ಕೆ ಒಂದು ತಿಂಗಳ ಪಾಸು ಕೇಳಿದೆ.

ಕೌಂಟರಿನವರು ತಲೆಯೆತ್ತಿ ನೋಡಿದರು. "ಮೇಡಂ, ಬಸ್ಸು ನಿಮಗೆ ಫ್ರೀ ಅಲ್ವಾ?"

"ನಿಮ್ಗೆ ಪಾಸ್ ಕೊಡೂಕೆ ಮನಸ್ಸಿಲ್ವಾ?" ಎಂದೆ. ಪಾಪ, ಮತ್ತೇನೂ ಕೇಳದೆ ಕೊಟ್ಟರು.

ಬೆಳಗ್ಗೆ ಹೊರಡುವಾಗ ಅಮ್ಮ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಅವಳು ನಾಗಮ್ಮ, ಬುಟ್ಟಿಯ ಮೀನಿನ ಕಣ್ಣು ನೋಡಿಯೇ ನಿನ್ನೆಯದ್ದೋ ಇವತ್ತಿನದ್ದೋ ಹೇಳುವವಳು. "ಪುಕ್ಕಟೆ ಬಸ್ಸು ಬಿಟ್ಟು ದುಡ್ಡು ಕೊಟ್ಟು ರೈಲಿಗಾ? ನಿಂಗೆಂತ ಮಳ್ಳು ಹಿಡದದ್ಯಾ?"

"ಬಸ್ಸಲ್ಲಿ ತಲೆ ತಿರುಗ್ತದೆ ಅಮ್ಮ."

ಅವಳು ನನ್ನ ಮುಖವನ್ನು ಮೀನು ನೋಡಿದ ಹಾಗೆ ನೋಡಿದಳು. "ಹೆಸ್ರೆಂತ?"

"ಯಾರ್ದು?"

"ತಲೆ ತಿರುಗ್ಸಿದವಂದು."

ನಾನು ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿಗೆ ಓಡಿದೆ.

ರೈಲು ಹತ್ತಿದ ಮೇಲೆ ಹೆದರಿಕೆ ಶುರುವಾಯಿತು. ಅವರು ಬೇರೆ ಡಬ್ಬಿ ಹತ್ತಿದರೆ? ಕಂಡೂ ಕಾಣದ ಹಾಗೆ ಹೋದರೆ? ನಾನೇ ಹೋಗಿ ಎಂದವಳಲ್ಲವೇ? ಕೊಡೆಯನ್ನು ಪಕ್ಕದಲ್ಲಿ ಮಲಗಿಸಿ, ಅದರ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು ಕುಳಿತೆ.

ಮಂಕಿಯಲ್ಲಿ ಶ್ರೀನಾಥ ಮಾಸ್ತರರು ಹತ್ತಿದರು. ಖಾಲಿ ಸೀಟೆಂದು ಬಂದವರು ಕೊಡೆ ಕಂಡು ನಿಂತರು. "ಓಹೋ! ಗುರುದತ್ತ ಹೇಳಿದ ಕೊಡೆ ಇದೇ ಅಲ್ದಾ? ಇದ್ಕೂ ರೈಲ್ ಪಾಸ್ ಆತಾ?" ಎಂದು ನಕ್ಕು, ಎದುರು ಸೀಟಿಗೆ ಸರಿದರು. "ಹೆದರ್ಬೇಡ. ಅಂವ ಈ ಡಬ್ಬಿಗೇ ಹತ್ತೂದು. ರೈಲಿಗೆ ಬಂದ ಮೇಲೆ ಭಾಷಣ ನಿಲ್ಲಿಸಿಬಿಟ್ಟಿದಾನೆ. ನಮ್ಗೂ ಬೇಜಾರು ಬಂದುಬಿಟ್ಟದೆ."

ಶರಾವತಿ ಸೇತುವೆ ಅಷ್ಟು ಉದ್ದವಿದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಹೊನ್ನಾವರದಲ್ಲಿ ಗುರುದತ್ತ ಹತ್ತಿದರು. ಮೊದಲು ಕೊಡೆ ಕಂಡಿತು, ಆಮೇಲೆ ನಾನು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಬಸ್ ತಪ್ತಾ?" ಎಂದರು.

ಕೊಡೆ ಎತ್ತಿಕೊಂಡೆ. ಅವರು ಕುಳಿತ ಮೇಲೆ ಪಾಸನ್ನು ಅವರ ಕೈಗಿಟ್ಟೆ. ಎರಡು ಸಲ ಓದಿದರು.

"ಇದು ತಪ್ಪು ಲೆಕ್ಕ ಮಾಲತಿ. ನಿಮ್ಗೆ ಬಸ್ಸು ಪುಕ್ಕಟೆ. ಇದು ಪೂರ್ತಿ ನಷ್ಟ."

"ಗೊತ್ತದೆ. ನೀವು ಒಂದೂವರೆ ವರ್ಷ ಬಸ್ ಪಾಸಿಗೆ ಸುರಿದದ್ದೆಂತ, ಲಾಭವಾ?"

ಎದುರಿನ ಮಾಸ್ತರರು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಪೇಪರು ತಲೆಕೆಳಗಾಗಿತ್ತು.

"ಅದು ನಷ್ಟ ಅಂತ ನಂಗೆ ಒಂದಿನಾನೂ ಅನ್ನಿಸ್ಲಿಲ್ಲ" ಎಂದರು ಗುರುದತ್ತ. "ನೀವು ಹೋಗಿ ಅಂದ್ರಿ. ಅದಕ್ಕೆ ಹೋದೆ."

"ಎಲ್ಲರ ಎದುರಿಗೆ ಕೇಳಿದ್ರೆ ನಾನೆಂತ ಹೇಳೂದು? ನಂಗೆ ನೀವು ಬೇಕು ಅಂತ ಬೀರಪ್ಪನಿಗೆ ಕೇಳೂ ಹಾಗೆ ಕೂಗೂದಾ?" ಸಿಟ್ಟಿನಲ್ಲಿ ಅಷ್ಟೂ ಬಾಯಿಂದ ಹೊರಗೆ ಬಂದುಬಿಟ್ಟಿತು. ಈ ಸಲ ಡಬ್ಬಿಗೆಲ್ಲ ಕೇಳಿತ್ತು. ಕೇಳಲಿ, ಅಡ್ಡಿಲ್ಲ.

ಅವರ ಕಿವಿ ಮತ್ತೆ ಕೆಂಪಾಯಿತು. ಆದರೆ ಮುಖದಲ್ಲಿ ನಗು ನಿಲ್ಲುತ್ತಿರಲಿಲ್ಲ. ನನ್ನ ಬೆರಳುಗಳ ಪಕ್ಕಕ್ಕೆ ಅವರ ಬೆರಳು ಬಂದು, ಕೊಡೆಯ ಹಿಡಿಕೆಯ ಮೇಲೆ ನಿಂತಿತು.

ನನಗೆ ನಾಚಿಕೆಯಾಗಿ ಏನಾದರೂ ಮಾತಾಡಬೇಕಿತ್ತು. "ಮುಂದಿನ ಸಲ ಮೂರು ತಿಂಗಳ ಪಾಸೇ ಮಾಡಿಸ್ತೆ. ಅದು ಇನ್ನೂ ಸೋವಿ ಅಲ್ದಾ?"

"ಬ್ಯಾಡ" ಎಂದರು ತಟ್ಟನೆ. "ತಿಂಗಳದ್ದೇ ಸಾಕು."

ಕೊಡೆಯ ಹಿಡಿಕೆಯಿಂದ ಕೈ ತೆಗೆದೆ. "ಎಂತಕೆ?"

ಅವರು ನೋಟ್‌ಬುಕ್ಕು ತೆಗೆದರು, ತೆರೆಯಲಿಲ್ಲ. "ಭಟ್ಕಳದಿಂದ ಅಷ್ಟುದ್ದ ಪಾಸು ಮಾಡಿಸಿಟ್ರೆ ಸುಮ್ನೆ ವೇಸ್ಟ್ ಆಗ್ತದೆ. ಸ್ವಲ್ಪ ದಿನ ಹೋದ್ರೆ, ನಿಮ್ಗೆ ಅಡ್ಡಿಲ್ಲ ಅಂದ್ರೆ... ನಿಮ್ಗೂ ಹೊನ್ನಾವರದಿಂದ ಕುಮಟಾಕ್ಕೆ ಮಾಡಿಸಿದ್ರೆ ಸಾಕಲ್ಲ?"

ಎದುರಿನ ಪೇಪರು ಕೆಳಗೆ ಬಿತ್ತು.

ನಾನು ಪಾಸನ್ನು ಅವರ ಕೈಯಿಂದ ತೆಗೆದುಕೊಂಡು, ಮಡಚಿ ಪರ್ಸಿನೊಳಗಿಟ್ಟೆ.

"ಇಲ್ಲ, ಮೂರು ತಿಂಗಳದ್ದೇ ಮಾಡಿಸ್ತೆ" ಎಂದೆ. "ನನ್ನ ಅಮ್ಮನ ಎದುರು ಕೂತು ನೀವು ಭಾಷಣ ಮಾಡಿ ಒಪ್ಪಿಸೂಕೆ ಅಷ್ಟಾದ್ರೂ ಬೇಕು."